ಕ್ಯಾಸೆಟ್ಟಿನ ಭಾಗವತಿಕೆ, ಹಿಪ್‌ಹಾಪ್‌ನ ಬೀಟು: ಸ್ಯಾಂಪ್ಲಿಂಗ್ ಎಲ್ಲಿಯವರೆಗೆ ಸರಿ?

ಪ್ರಶ್ನೆ: ನಾನು ಕಾರ್ಕಳ ಕಡೆಯವನು, ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಹೈಸ್ಕೂಲಿನ ದಿನಗಳಿಂದ ಹಿಪ್‌ಹಾಪ್ ಕೇಳುತ್ತಿದ್ದೇನೆ. ಒಂದು ಹಾಡಿನೊಳಗೆ ಸೇರಿಕೊಂಡಿರುವ ಹಳೆಯ ತುಣುಕು ಯಾವುದು, ಎಲ್ಲಿಯದು ಎಂದು ಹುಡುಕುವುದರಲ್ಲಿ ನನಗೆ ಸಿಗುವ ಸಂತೋಷ ಬೇರೆ ಯಾವ ಸಂಗೀತದಲ್ಲೂ ಸಿಕ್ಕಿಲ್ಲ. ಇತ್ತೀಚೆಗೆ ತಂದೆಯವರ ಸಂಗ್ರಹದಲ್ಲಿದ್ದ ಎಂಬತ್ತರ ದಶಕದ ತೆಂಕುತಿಟ್ಟಿನ ಯಕ್ಷಗಾನ ಕ್ಯಾಸೆಟ್ಟಿನಿಂದ ಭಾಗವತರ ಒಂದು ಸಾಲನ್ನು (9 ಸೆಕೆಂಡು) ಮತ್ತು ಚೆಂಡೆಯ 4 ಸೆಕೆಂಡಿನ ತುಣುಕನ್ನು ತೆಗೆದು ಒಂದು ಬೀಟ್ (ರ‍್ಯಾಪ್‌ಗೆ ಹಿನ್ನೆಲೆಯಾಗುವ ಸಂಗೀತ) ಮಾಡಿದೆ. ಗೆಳೆಯನೊಬ್ಬ ಅದರ ಮೇಲೆ ತುಳು ಮತ್ತು ಕನ್ನಡದಲ್ಲಿ ರ‍್ಯಾಪ್ ಹೇಳಿದ. ಅರ್ಧ ನಿಮಿಷದ ತುಣುಕನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿದೆವು. ಅದನ್ನು ಕೇಳಿದ ತಂದೆಯವರ ಸ್ನೇಹಿತರು, ಅವರು ಹವ್ಯಾಸಿ ಚೆಂಡೆವಾದಕರು, "ಇನ್ನೊಬ್ಬರ ಬೆವರನ್ನು ಕತ್ತರಿಸಿ ಅಂಟಿಸುವುದು ಕಲೆಯಲ್ಲ, ಕಳ್ಳತನ" ಎಂದರು. ಗೆಳೆಯರು ಬೇರೆಯೇ ಹೇಳುತ್ತಾರೆ: ಏಳೆಂಟು ಸೆಕೆಂಡಿನ ಒಳಗಿದ್ದರೆ ತೊಂದರೆಯಿಲ್ಲ, ಯಕ್ಷಗಾನ ಜನಪದ ಕಲೆ, ಅದು ಯಾರ ಸೊತ್ತೂ ಅಲ್ಲ, ಹೆಸರು ಹಾಕಿದರೆ ಸಾಕು. ಕ್ಯಾಸೆಟ್ ಕಂಪನಿ ಈಗ ಇದೆಯೋ ಇಲ್ಲವೋ ತಿಳಿಯದು. ಪೂರ್ಣ ಹಾಡನ್ನು ಯೂಟ್ಯೂಬ್ ಮತ್ತು ಇತರ ವೇದಿಕೆಗಳಲ್ಲಿ ಬಿಡುಗಡೆ ಮಾಡಬಹುದೇ? ನಾನು ಇಷ್ಟು ವರ್ಷ ಮೆಚ್ಚಿಕೊಂಡು ಬಂದದ್ದು ಕಳ್ಳತನವನ್ನೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ಪ್ರಶ್ನೆಗಳಿವೆ. ಸ್ಯಾಂಪ್ಲಿಂಗ್, ಅಂದರೆ ಹಳೆಯ ಧ್ವನಿಮುದ್ರಣದ ತುಣುಕನ್ನು ಹೊಸ ಹಾಡಿಗೆ ಎತ್ತಿಕೊಳ್ಳುವುದು, ಕಲೆಯೇ ಎಂಬುದು ಒಂದು, ಕಾನೂನು ಏನನ್ನುತ್ತದೆ ಎಂಬುದು ಇನ್ನೊಂದು, ಆ ಕ್ಯಾಸೆಟ್ಟಿನಲ್ಲಿ ಹಾಡಿದವರಿಗೂ ಬಾರಿಸಿದವರಿಗೂ ನೀವು ಏನು ಸಲ್ಲಿಸಬೇಕು ಎಂಬುದು ಮೂರನೆಯದು. ಧ್ವನಿಮುದ್ರಣದ ಕೆಲಸದಲ್ಲಿರುವ ನನ್ನ ಬಳಿಗೆ ಬರುವ ತರುಣರಲ್ಲಿ ಹೆಚ್ಚಿನವರು ಎರಡನೆಯದನ್ನು ಮಾತ್ರ ಕೇಳುತ್ತಾರೆ, ಹಿರಿಯರು ಮೊದಲನೆಯದನ್ನು ಮಾತ್ರ ಎತ್ತುತ್ತಾರೆ, ಮೂರನೆಯದು ಇಬ್ಬರ ನಡುವೆಯೂ ಬಿದ್ದುಹೋಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಯಾಂಪ್ಲಿಂಗ್ ಕಲೆಯೇ ಹೌದು, ಅದರಲ್ಲಿ ನನಗೆ ಸಂದೇಹವಿಲ್ಲ. ಹಾಗಿದ್ದರೂ ನಿಮ್ಮ ಹಾಡನ್ನು ಈಗ ಇರುವಂತೆಯೇ ಬಿಡುಗಡೆ ಮಾಡಬೇಡಿ. ಅದನ್ನು ಸರಿಯಾಗಿ ಬಿಡುಗಡೆ ಮಾಡುವ ದಾರಿ ನಮ್ಮ ಊರಿನಲ್ಲಿ ನೀವು ಅಂದುಕೊಂಡದ್ದಕ್ಕಿಂತ ಸುಲಭವಾಗಿದೆ.

ಕಲೆಯ ಮಾತಿನಿಂದ ತೊಡಗುತ್ತೇನೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ಕಟ್ಟಡದಲ್ಲಿ ನಡೆದ ಒಂದು ಕುಣಿತದ ಕೂಟವನ್ನು ಹಿಪ್‌ಹಾಪ್‌ನ ಹುಟ್ಟು ಎಂದು ಗುರುತಿಸುತ್ತಾರೆ. ಅಲ್ಲಿ ರೆಕಾರ್ಡ್ ಹಾಕುತ್ತಿದ್ದ ಡಿಜೆ ಕೂಲ್ ಹರ್ಕ್ ಗಮನಿಸಿದ್ದು ಇಷ್ಟೇ: ಹಾಡು ನಿಂತು ಡ್ರಮ್ ಮಾತ್ರ ಉಳಿಯುವ ಕೆಲವೇ ಸೆಕೆಂಡುಗಳಲ್ಲಿ ಜನ ಹೆಚ್ಚು ಹುರುಪಿನಿಂದ ಕುಣಿಯುತ್ತಾರೆ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ತೊಡಗಿಸಿ, ಸೆಕೆಂಡುಗಳನ್ನು ನಿಮಿಷಗಳಾಗಿ ಎಳೆಯುವ ಪದ್ಧತಿಯನ್ನು ಅವರು ಬೆಳೆಸಿದರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಆ ಪೆಟ್ಟು ಮತ್ತೆ ಸಿಗುತ್ತದೆಂದು ಲೆಕ್ಕವಿಟ್ಟು ಇದನ್ನು ಇನ್ನಷ್ಟು ನಿಖರಗೊಳಿಸಿದರು. ಹೊಸ ವಾದ್ಯಗಳನ್ನು ಕೊಳ್ಳುವ ಶಕ್ತಿಯಿಲ್ಲದ ಓಣಿಗಳ ಹುಡುಗರು ಮನೆಯಲ್ಲಿದ್ದ ರೆಕಾರ್ಡ್ ಪ್ಲೇಯರನ್ನೇ ವಾದ್ಯವಾಗಿಸಿಕೊಂಡರು.

ಸ್ಯಾಂಪ್ಲರ್ ಯಂತ್ರ ಬಂದ ಮೇಲೆ ಈ ಕೈಕೆಲಸ ಇನ್ನೂ ಸೂಕ್ಷ್ಮವಾಯಿತು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಯಂತ್ರದಲ್ಲಿ ಒಟ್ಟು ಸುಮಾರು 10 ಸೆಕೆಂಡಿನಷ್ಟು ಧ್ವನಿಯನ್ನು ಮಾತ್ರ ಹಿಡಿದಿಡಬಹುದಿತ್ತು. ಒಂದು ಇಡೀ ಹಾಡನ್ನು ಆ 10 ಸೆಕೆಂಡಿನ ಸಾಮಗ್ರಿಯಿಂದ ಕಟ್ಟಬೇಕು. ಅದಕ್ಕೆ ಬೀಟ್ ತಯಾರಕರು ಕಂಡುಕೊಂಡ ಉಪಾಯ ಸೊಗಸಾಗಿದೆ: 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ, ಧ್ವನಿಯನ್ನು ಕುಗ್ಗಿಸಿ ಒಳಗೆ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ಅದನ್ನು ನಿಧಾನಗೊಳಿಸಿ ಮೂಲ ಶ್ರುತಿಗೆ ಇಳಿಸುವುದು. ಹೀಗೆ ಮಾಡಿದರೆ 10 ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಧ್ವನಿ ಹಿಡಿಸುತ್ತದೆ. 12 ಬಿಟ್‌ನ ಆ ಯಂತ್ರದಲ್ಲಿ ಹೀಗೆ ಕುಗ್ಗಿ ಹಿಗ್ಗಿದ ಧ್ವನಿಗೆ ಒಂದು ಒರಟು, ಮಸುಕು ಗುಣ ಬರುತ್ತಿತ್ತು. ಇಂದಿನ ತರುಣರು ಅದೇ ಒರಟುತನಕ್ಕಾಗಿ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುತ್ತಾರೆ ಎಂಬುದು ಬೇರೆ ಮಾತು. ಕತ್ತರಿಸಿ ಅಂಟಿಸುವುದಷ್ಟೇ ಎನ್ನುವವರು ಈ ಕೆಲಸವನ್ನು ಹತ್ತಿರದಿಂದ ನೋಡಿಲ್ಲ ಎಂದು ನಾನು ತಿಳಿಯುತ್ತೇನೆ. ಸಾವಿರಾರು ನಿಮಿಷಗಳ ಸಂಗೀತದಲ್ಲಿ ಯಾವ ಎರಡು ಸೆಕೆಂಡು ಬೇಕು ಎಂದು ಕಿವಿ ನಿರ್ಧರಿಸಬೇಕು, ಅದನ್ನು ಎಲ್ಲಿಟ್ಟರೆ ಹೊಸ ಅರ್ಥ ಬರುತ್ತದೆ ಎಂದು ಮನಸ್ಸು ಹೇಳಬೇಕು.

ನೀವೇ ಮಾಡಿದ ಕೆಲಸದಲ್ಲಿ ಇದು ನಿಮಗೆ ಅನುಭವಕ್ಕೆ ಬಂದಿರಬೇಕು. ಯಕ್ಷಗಾನದ ಹಳೆಯ ಕ್ಯಾಸೆಟ್ಟಿನಲ್ಲಿ ಲಯ ಗಡಿಯಾರದಂತೆ ನಡೆಯುವುದಿಲ್ಲ. ಭಾಗವತರು ಭಾವಕ್ಕೆ ತಕ್ಕಂತೆ ಹಿಗ್ಗಿಸುತ್ತಾರೆ, ಪದ್ಯದ ಕೊನೆಗೆ ಬಿಗಿಗೊಳಿಸುತ್ತಾರೆ. ಪ್ಲೇಯರಿನ ಮೋಟಾರು ಹಳತಾಗಿದ್ದರೆ ಶ್ರುತಿ ಹಾರ್ಮೋನಿಯಂನ ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ನಿಂತಿರುತ್ತದೆ. ನಿಮಿಷಕ್ಕೆ 90 ಬೀಟಿನ ಹಾಡಿನಲ್ಲಿ ನಾಲ್ಕು ಬೀಟಿನ ಒಂದು ಆವರ್ತಕ್ಕೆ 2.67 ಸೆಕೆಂಡು ಹಿಡಿಯುತ್ತದೆ. ನಿಮ್ಮ ನಾಲ್ಕು ಸೆಕೆಂಡಿನ ಚೆಂಡೆ ಅದರಲ್ಲಿ ಒಂದೂವರೆ ಆವರ್ತವಾಗಿ ಅರ್ಧದಲ್ಲಿ ನಿಲ್ಲುತ್ತದೆ. ಆ ತುಣುಕು ತ್ರಿವುಡೆ ತಾಳದ್ದಾಗಿದ್ದರೆ ಇನ್ನೂ ಸ್ವಾರಸ್ಯವಿದೆ. ಏಳು ಅಕ್ಷರದ ತಾಳವನ್ನು ನಾಲ್ಕರ ಬೀಟಿನ ಮೇಲೆ ಹಾಗೆಯೇ ಓಡಲು ಬಿಟ್ಟರೆ ಎರಡೂ 28 ಅಕ್ಷರಗಳಿಗೊಮ್ಮೆ, ಅಂದರೆ ತ್ರಿವುಡೆಯ ನಾಲ್ಕು ಸುತ್ತು ಮತ್ತು ಬೀಟಿನ ಏಳು ಆವರ್ತ ಮುಗಿದಾಗ, ಒಟ್ಟಿಗೆ ಸಮಕ್ಕೆ ಬಂದು ಬೀಳುತ್ತವೆ. ಒಂದು ಅಕ್ಷರವನ್ನು ಸೇರಿಸಿ ಎಂಟು ಮಾಡುವವರೇ ಹೆಚ್ಚು. ಅದನ್ನು ಸೇರಿಸದೆ ಆ ಎಳೆದಾಟವನ್ನು ಉಳಿಸಿಕೊಳ್ಳುವ ಧೈರ್ಯ ಇದ್ದವರ ಹಾಡೇ ನನಗೆ ಇಷ್ಟ.

ಆ ಹಿರಿಯರಿಗೆ ಅವರದೇ ಕಲೆಯಿಂದ ಒಂದು ಮಾತನ್ನು ನೆನಪಿಸಬಹುದು. ಯಕ್ಷಗಾನದ ಪ್ರಸಂಗಕರ್ತರು ಇದ್ದ ಮಟ್ಟುಗಳಿಗೇ (ಹಾಡುವ ಧಾಟಿಗಳಿಗೇ) ಹೊಸ ಪದ್ಯಗಳನ್ನು ಹೊಸೆದವರು. ಒಂದೇ ಮಟ್ಟು ಒಂದು ಪ್ರಸಂಗದಲ್ಲಿ ಕರುಣಕ್ಕೂ ಇನ್ನೊಂದರಲ್ಲಿ ಶೃಂಗಾರಕ್ಕೂ ಒದಗಿ ಬಂದಿದೆ. ಇದ್ದುದನ್ನು ಎತ್ತಿಕೊಂಡು ಹೊಸದನ್ನು ಕಟ್ಟುವುದು ಕಳ್ಳತನವಾದರೆ ನಮ್ಮ ಪ್ರಸಂಗ ಸಾಹಿತ್ಯದ ಬಹುಭಾಗವನ್ನು ಕಳವು ಎನ್ನಬೇಕಾದೀತು. ಆದರೆ ಅವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ನೀವು ಬಿಡಬಾರದು. ಮಟ್ಟು ಪರಂಪರೆಯದು, ಕ್ಯಾಸೆಟ್ಟಿನಲ್ಲಿರುವ ಗಂಟಲು ಮತ್ತು ಕೈ ನಿರ್ದಿಷ್ಟ ವ್ಯಕ್ತಿಗಳದು. ಹಿಪ್‌ಹಾಪ್‌ನ ಚರಿತ್ರೆಯಲ್ಲಿ ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ದೊಡ್ಡ ಅನ್ಯಾಯಗಳು ನಡೆದಿವೆ. ದಿ ವಿನ್‌ಸ್ಟನ್ಸ್ ತಂಡದ 1969ರ 'ಆಮೆನ್, ಬ್ರದರ್' ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಸುಮಾರು ಆರು ಸೆಕೆಂಡಿನ ಡ್ರಮ್, ಜಗತ್ತಿನಲ್ಲಿ ಅತಿ ಹೆಚ್ಚು ಸ್ಯಾಂಪಲ್ ಆದ ತುಣುಕುಗಳಲ್ಲಿ ಒಂದು. ಸಾವಿರಾರು ಹಾಡುಗಳು ಅದರ ಮೇಲೆ ನಿಂತಿವೆ. ಕೋಲ್‌ಮನ್ ಅವರಿಗೆ ಅದರಿಂದ ರಾಯಧನವೇ ಬರಲಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಅವರಿಗೊಂದು ಮನೆಯೂ ಇರಲಿಲ್ಲ. ಅಭಿಮಾನಿಗಳು ಹಣ ಕೂಡಿಸಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 24,000 ಪೌಂಡ್ ಕೊಟ್ಟದ್ದು 2015ರಲ್ಲಿ. ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' ಹಾಡಿನ ಡ್ರಮ್ ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರಿಗೂ ಹೀಗೆಯೇ ಆಯಿತು. ಹಾಡಿನ ಕರ್ತೃತ್ವದಲ್ಲಿ ಅವರ ಹೆಸರಿರಲಿಲ್ಲ, ಆದ್ದರಿಂದ ಸ್ಯಾಂಪಲ್‌ನ ಹಣವೂ ಅವರ ಕಡೆ ಹರಿಯಲಿಲ್ಲ. ಸ್ಯಾಂಪ್ಲಿಂಗನ್ನು ಮೆಚ್ಚುವವರು ಡ್ರಮ್ಮರಿನ ಹೆಸರನ್ನು ಹುಡುಕಿ ತಿಳಿದುಕೊಳ್ಳುತ್ತಾರೆ. ನೀವು ಆ ಜಾತಿಯ ಕೇಳುಗರೆಂದು ನಿಮ್ಮ ಪತ್ರವೇ ಹೇಳುತ್ತದೆ.

ಈಗ ಗೆಳೆಯರ ಮಾತುಗಳಿಗೆ ಬರೋಣ. ಏಳೆಂಟು ಸೆಕೆಂಡಿನ ಒಳಗಿದ್ದರೆ ತೊಂದರೆಯಿಲ್ಲ ಎಂಬ ನಿಯಮ ಭಾರತದ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನ ಪ್ರಕಾರ, ಒಂದು ಧ್ವನಿಮುದ್ರಣವನ್ನು ಒಳಗೊಂಡ ಇನ್ನೊಂದು ಧ್ವನಿಮುದ್ರಣವನ್ನು ತಯಾರಿಸುವ ಹಕ್ಕು ಅದರ ಒಡೆಯರದು. ಅಲ್ಲಿ ಸೆಕೆಂಡುಗಳ ಲೆಕ್ಕವಿಲ್ಲ. ತೀರಾ ಕ್ಷುಲ್ಲಕವಾದ ಬಳಕೆಯನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳದಿರಬಹುದು ಎಂಬ ತತ್ತ್ವವನ್ನು 2012ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಅನ್ವಯಿಸಿದ್ದುಂಟು. ಆದರೆ ಅದು ಟಿವಿ ಕಾರ್ಯಕ್ರಮದಲ್ಲಿ ಗಾಯಕಿಯೊಬ್ಬರು ಸಿನಿಮಾ ಹಾಡಿನ ಕೆಲವು ಸಾಲುಗಳನ್ನು ಹಾಡಿದ್ದು ಮತ್ತು ಜಾಹೀರಾತೊಂದರಲ್ಲಿ ಹಾಡಿನ ಕೆಲವು ಪದಗಳು ಬಂದದ್ದರ ಪ್ರಕರಣ. ನಿಮ್ಮ ಹಾಡಿನಲ್ಲಿ ಭಾಗವತರ ಸಾಲು ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ಅದನ್ನು ತೆಗೆದರೆ ಹಾಡೇ ಉಳಿಯುವುದಿಲ್ಲ. ಹಾಡಿನ ಜೀವವಾಗಿರುವುದನ್ನು ಕ್ಷುಲ್ಲಕವೆಂದು ವಾದಿಸುವುದು ಕಷ್ಟ.

ಅಮೆರಿಕದಲ್ಲೇ ಈ ವಿಷಯ ಇತ್ಯರ್ಥವಾಗಿಲ್ಲ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧದ ತೀರ್ಪನ್ನು ನ್ಯಾಯಾಧೀಶರು 'ಕದಿಯಬಾರದು' ಎಂಬ ಬೈಬಲ್ಲಿನ ಆಜ್ಞೆಯಿಂದಲೇ ಆರಂಭಿಸಿದರು. ಆ ಬಳಿಕ ದೊಡ್ಡ ಕಂಪನಿಗಳು ಅನುಮತಿಯಿಲ್ಲದ ಸ್ಯಾಂಪಲ್‌ಗಳನ್ನು ಮುಟ್ಟಲು ಹೆದರಿದವು. ಒಂದೇ ಹಾಡಿನಲ್ಲಿ ಹತ್ತಾರು ತುಣುಕುಗಳನ್ನು ಪೇರಿಸುವ ಎಂಬತ್ತರ ದಶಕದ ಶೈಲಿ ಬಹುಮಟ್ಟಿಗೆ ಅಲ್ಲಿಗೆ ನಿಂತಿತು. 2005ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರಿಗೂ ಪರವಾನಗಿ ಬೇಕು ಎಂದಿತು. 2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಕಾಲು ಸೆಕೆಂಡಿಗೂ ಕಡಿಮೆಯ ತುತ್ತೂರಿಯ ಧ್ವನಿಗೆ ಬೇಡ ಎಂದಿತು. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಟ್ರೀಮಿಂಗ್ ವೇದಿಕೆಗಳಿಗೆ ಬರಲು 2023ರವರೆಗೆ ಕಾಯಬೇಕಾಯಿತು, ಮುಖ್ಯವಾಗಿ ಅದರೊಳಗಿನ ಸ್ಯಾಂಪಲ್‌ಗಳ ಹಕ್ಕಿನ ಗೋಜಲಿನಿಂದ. ಭಾರತೀಯ ಸಂಗೀತಕ್ಕೂ ಈ ಕಥೆಯಲ್ಲಿ ಪಾತ್ರವಿದೆ. ಲತಾ ಮಂಗೇಶ್ಕರ್ ಹಾಡಿದ, ಬಪ್ಪಿ ಲಹಿರಿ ಸಂಗೀತದ 1981ರ ಒಂದು ಹಿಂದಿ ಸಿನಿಮಾ ಹಾಡನ್ನು 2002ರಲ್ಲಿ ಅಮೆರಿಕದ ಹಾಡೊಂದರಲ್ಲಿ ಅನುಮತಿಯಿಲ್ಲದೆ ಬಳಸಿದಾಗ, ಲಹಿರಿಯವರ ಹೆಸರನ್ನು ಸೇರಿಸದ ಹೊರತು ಮಾರಾಟ ಮಾಡಕೂಡದು ಎಂದು ಲಾಸ್ ಏಂಜಲೀಸ್‌ನ ನ್ಯಾಯಾಲಯ ಆದೇಶಿಸಿತು. ನಮ್ಮವರ ಹಾಡನ್ನು ಅವರು ಎತ್ತಿದಾಗ ನಮಗೆ ಆದ ಸಿಟ್ಟನ್ನು ನೆನಪಿಟ್ಟುಕೊಂಡರೆ ಕ್ಯಾಸೆಟ್ಟಿನ ಕಲಾವಿದರ ಕಡೆಯಿಂದ ಯೋಚಿಸುವುದು ಸುಲಭವಾಗುತ್ತದೆ.

ಹೆಸರು ಹಾಕಿದರೆ ಸಾಕು ಎಂಬುದೂ ತಪ್ಪು. ಹೆಸರು ಹಾಕುವುದು ಸೌಜನ್ಯ, ಅದಿಲ್ಲದಿದ್ದರೆ 57ನೇ ಕಲಮಿನ ಪ್ರಕಾರ ಕರ್ತೃವಿನ ವಿಶೇಷ ಹಕ್ಕಿಗೆ ಧಕ್ಕೆಯಾಗುವ ಇನ್ನೊಂದು ದೂರೂ ಸೇರಿಕೊಳ್ಳಬಹುದು. ಆದರೆ ಹೆಸರು ಅನುಮತಿಯ ಬದಲಿಗೆ ನಿಲ್ಲುವುದಿಲ್ಲ. ಹಣ ಮಾಡುತ್ತಿಲ್ಲವಲ್ಲ ಎಂಬ ಸಮಾಧಾನವೂ ಅಷ್ಟೇ. ಮನೆಯಲ್ಲಿ ಕುಳಿತು ಖಾಸಗಿಯಾಗಿ ಕಲಿಯಲು ಮಾಡಿದ ಬೀಟಿಗೂ ಸಾರ್ವಜನಿಕವಾಗಿ ಬಿಡುಗಡೆ ಮಾಡಿದ ಹಾಡಿಗೂ ಕಾನೂನು ವ್ಯತ್ಯಾಸ ಕಾಣುತ್ತದೆ. ಶ್ರುತಿ ಬದಲಿಸಿದರೆ ಯಾರಿಗೂ ಗೊತ್ತಾಗದು ಎನ್ನುವವರೊಡನೆ ನಾನು ವಾದಕ್ಕೆ ಹೋಗುವುದಿಲ್ಲ.

ಯಕ್ಷಗಾನ ಯಾರ ಸೊತ್ತೂ ಅಲ್ಲ ಎಂಬ ಮಾತು ಅರ್ಧ ನಿಜವಾದ್ದರಿಂದಲೇ ಹೆಚ್ಚು ಅಪಾಯಕಾರಿ. ಒಂದು ಧ್ವನಿಮುದ್ರಣದಲ್ಲಿ ಹಕ್ಕುಗಳು ಪದರ ಪದರವಾಗಿರುತ್ತವೆ. ಮೊದಲ ಪದರ ಪದ್ಯ ಮತ್ತು ರಾಗಸಂಯೋಜನೆ. ಹಳೆಯ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗದ ಪದ್ಯವಾದರೆ ಅದು ಎಲ್ಲರದು. ಕರ್ತೃ ಸತ್ತ 60 ವರ್ಷಗಳ ಬಳಿಕ ಸಾಹಿತ್ಯದ ಮೇಲಿನ ಕೃತಿಸ್ವಾಮ್ಯ ಮುಗಿಯುತ್ತದೆ. ಆದರೆ ಎಂಬತ್ತರ ದಶಕದ ಕ್ಯಾಸೆಟ್ಟುಗಳಲ್ಲಿ ಆ ಕಾಲಕ್ಕೆ ಹೊಸದಾಗಿ ಬರೆದ ತುಳು, ಕನ್ನಡ ಪ್ರಸಂಗಗಳು ಬಹಳ. ಅವುಗಳ ಕರ್ತೃಗಳು ಬದುಕಿದ್ದಾರೆ, ಇಲ್ಲವೇ ಅವರ ಮಕ್ಕಳಿದ್ದಾರೆ. ಎರಡನೆಯ ಪದರ ಮುದ್ರಣದ್ದು. ಅದನ್ನು ಹಣ ಹಾಕಿ ಮಾಡಿಸಿದವರಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1985ರ ಕ್ಯಾಸೆಟ್ಟಾದರೆ 2045 ಮುಗಿಯುವವರೆಗೆ. ಮೂರನೆಯದು ಪ್ರದರ್ಶಕರ, ಅಂದರೆ ಹಾಡಿದವರ ಮತ್ತು ಬಾರಿಸಿದವರ ಹಕ್ಕು. ಇದು ನಮ್ಮ ಕಾಯ್ದೆಗೆ ಬಂದದ್ದು 1994ರ ತಿದ್ದುಪಡಿಯಲ್ಲಿ, ಗಟ್ಟಿಯಾದದ್ದು 2012ರಲ್ಲಿ. ಹಾಗಾಗಿ ಹಳೆಯ ಕ್ಯಾಸೆಟ್ಟಿಗಿಂತ, ಮೊನ್ನೆ ಬಯಲಾಟದಲ್ಲಿ ನಿಮ್ಮ ಫೋನಿನಲ್ಲೇ ನೀವು ಮುದ್ರಿಸಿಕೊಂಡ ಚೆಂಡೆಗೆ ಇದು ನೇರವಾಗಿ ಅನ್ವಯಿಸುತ್ತದೆ. ನಾನೇ ರೆಕಾರ್ಡ್ ಮಾಡಿದ್ದು ಎಂದು ಹೇಳುವವರು ಈ ಪದರವನ್ನು ಮರೆಯುತ್ತಾರೆ.

ಪರಂಪರೆ ಎಲ್ಲರದು, ಅದರಿಂದ ಒಬ್ಬರು ಹೊಸದಾಗಿ ಕಟ್ಟಿದ್ದು ಅವರದು ಎಂಬುದಕ್ಕೆ ನಮ್ಮ ಉಡುಪಿಯಲ್ಲೇ ಹುಟ್ಟಿದ ವ್ಯಾಜ್ಯವೊಂದಿದೆ. ಶಿವರಾಮ ಕಾರಂತರು ಯಕ್ಷಗಾನದಿಂದ ರೂಪಿಸಿದ ನೃತ್ಯನಾಟಕ ಪ್ರಯೋಗಗಳ ಹಕ್ಕನ್ನು ಉಯಿಲಿನ ಮೂಲಕ ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. ಅವರ ಅನುಮತಿಯಿಲ್ಲದೆ ನಡೆದ ಪ್ರದರ್ಶನದ ಕುರಿತ ದಾವೆ ಉಡುಪಿಯ ನ್ಯಾಯಾಲಯದಿಂದ ಹೊರಟು 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕಾಯ್ದೆಯಲ್ಲೇ ಇರುವ ವಿನಾಯಿತಿಗಳಿಗೆ ಅವಕಾಶವಿಟ್ಟು ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. ಯಕ್ಷಗಾನ ಜನಪದ ಕಲೆಯೆಂಬ ಒಂದೇ ಕಾರಣಕ್ಕೆ ಅದರೊಳಗಿನ ಎಲ್ಲವೂ ಮುಕ್ತವಲ್ಲ ಎಂದು ಇದರಿಂದ ಸ್ಪಷ್ಟವಾಗುತ್ತದೆ.

ನೀವು ಕೇಳದಿದ್ದರೂ ಇಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ಮುಂದಿನ ಬೀಟಿಗೆ ನೀವು ಖಂಡಿತ ಅತ್ತ ನೋಡುತ್ತೀರಿ. ವಿಟ್ಲಪಿಂಡಿಗೆ, ದಸರಾಕ್ಕೆ ಬೀದಿಯಲ್ಲಿ ಕೇಳುವ ಹುಲಿವೇಷದ ತಾಸೆ ವಾದ್ಯವನ್ನು ಹಾಡಿಗೆ ಬಳಸಲು ಇಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ತಾಸೆಯವರಿಗೆ ಕೊಡಬೇಕಾದ್ದನ್ನು ಕೊಟ್ಟರೆ ಅವರೇ ಸಂತೋಷದಿಂದ ಬಂದು ಬಾರಿಸುತ್ತಾರೆ. ಭೂತಕೋಲದ ನುಡಿಯಾಗಲಿ, ದೈವದ ಅಲಂಕಾರವಾದ ಅಣಿ ಏರುವ ಹೊತ್ತಿನ ಕಥನಗೀತೆ ಪಾಡ್ದನವಾಗಲಿ ಹಾಗಲ್ಲ. ಅದು ನಂಬಿದವರ ಪಾಲಿಗೆ ದೈವದ ಮಾತು, ಕಟ್ಟುವವರ ಪಾಲಿಗೆ ಕುಲದ ಹೊಣೆ. ಕಾನೂನು ಸುಮ್ಮನಿದ್ದರೂ ಗ್ರಾಮ ಸುಮ್ಮನಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ಹಾಡುಗಳನ್ನು, ಹಾಡುವ ಅಮ್ಮಂದಿರನ್ನು ಕೇಳಿ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಮುದ್ರಿಸಿಕೊಳ್ಳಬಹುದು. ಕೋಲದ ಅಂಗಳದಿಂದ ಏನನ್ನೂ ಎತ್ತಿಕೊಳ್ಳದಿರುವುದೇ ಒಳ್ಳೆಯದೆಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.

ಹಾಗಾದರೆ ನಿಮ್ಮ ಹಾಡಿಗೆ ದಾರಿ ಯಾವುದು? ಕ್ಯಾಸೆಟ್ಟಿನ ಒಡೆಯರನ್ನು ಹುಡುಕಿ ಪರವಾನಗಿ ಪಡೆಯುವುದು ನೇರವಾದ ದಾರಿ. ಕ್ಯಾಸೆಟ್ಟಿನ ಹೊದಿಕೆಯ ಒಳಮಡಿಕೆಯಲ್ಲಿ ಸಾಮಾನ್ಯವಾಗಿ ಕಂಪನಿಯ ವಿಳಾಸ, ಮುದ್ರಣವಾದ ಸ್ಟುಡಿಯೋ, ಹಿಮ್ಮೇಳದವರ ಹೆಸರು ಇರುತ್ತವೆ. ತನಿಖೆಯನ್ನು ಅಲ್ಲಿಂದ ತೊಡಗಿಸಿ. ಕರಾವಳಿಯ ಸಣ್ಣ ಕ್ಯಾಸೆಟ್ ಕಂಪನಿಗಳು ಸಿಡಿ ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಕೆಲವು ತಮ್ಮ ಸಂಗ್ರಹವನ್ನು ಬೇರೆಯವರಿಗೆ ಮಾರಿದವು, ಕೆಲವರ ಮಾಸ್ಟರ್ ಟೇಪುಗಳು ಅಟ್ಟದ ಮೇಲೆ ಬೂಷ್ಟು ಹಿಡಿದಿವೆ. ಹಕ್ಕು ನಮ್ಮದು ಎಂದು ಯಾರಾದರೂ ಹೇಳಿದ ಕೂಡಲೇ ಹಣ ಕೊಡಬೇಡಿ, ಮೂಲ ಒಪ್ಪಂದದ ಪ್ರತಿಯನ್ನು ಕೇಳಿ. ಒಂದು ಹಳೆಯ ಹಿಂದಿ ಸಿನಿಮಾ ಹಾಡಿನ ಸ್ಯಾಂಪಲ್ ಕುರಿತು ಭಾರತದ ದೊಡ್ಡ ಕಂಪನಿಯೊಂದು ಅಮೆರಿಕದಲ್ಲಿ ಹೂಡಿದ ದಾವೆ 2011ರಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಹಳೆಯ ಒಪ್ಪಂದವನ್ನು ಓದಿದ ನ್ಯಾಯಾಲಯಕ್ಕೆ, ಆ ಧ್ವನಿಮುದ್ರಣದ ಹಕ್ಕು ಕಂಪನಿಗೆ ದೊರೆತದ್ದು ಎರಡೇ ವರ್ಷಗಳ ಮಟ್ಟಿಗೆ ಎಂದು ಕಂಡುಬಂದಿತ್ತು. ಒಡೆಯರು ಯಾರೆಂದು ಪತ್ತೆಯೇ ಆಗದಿದ್ದರೆ 31ಎ ಕಲಮಿನಡಿ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕುವ ಅವಕಾಶವಿದೆ. ಒಂದು ಹಾಡಿಗಾಗಿ ಅಷ್ಟು ಅಲೆದಾಟ ಯಾರಿಗೂ ಬೇಡ.

31ಸಿ ಕಲಮಿನ ಕವರ್ ವರ್ಷನ್ ಪರವಾನಗಿಯಿಂದ ರೀಮಿಕ್ಸ್ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಮೂಲ ಹಾಡು ಬಂದು ಐದು ವರ್ಷಗಳಾದ ಮೇಲೆ, ಹೊಸದಾಗಿ ಹಾಡಿ ಮುದ್ರಿಸುವವರಿಗೆ ಇರುವ ಅವಕಾಶ. ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡ ಕಟ್ಟಬೇಕು, ಕೃತಿಯನ್ನು ಬದಲಾಯಿಸುವಂತಿಲ್ಲ. ಮೂಲ ಟೇಪನ್ನೇ ಕತ್ತರಿಸುವ ನಿಮಗೆ ಅದು ಪ್ರಯೋಜನಕ್ಕೆ ಬಾರದು.

ನಾನು ನಿಮಗೆ ಹೇಳುವ ದಾರಿ ಮರುವಾದನ. ಹಿಪ್‌ಹಾಪ್‌ಗೆ ಇದೇನೂ ಹೊಸದಲ್ಲ: 1979ರಲ್ಲಿ ರ‍್ಯಾಪನ್ನು ಜಗತ್ತಿಗೆ ಪರಿಚಯಿಸಿದ ಹಾಡಿನ ಸಂಗೀತವನ್ನೂ ಸ್ಟುಡಿಯೋದಲ್ಲಿ ವಾದಕರು ಮತ್ತೆ ನುಡಿಸಿದ್ದರು, ಮೂಲ ಸಂಯೋಜಕರು ತಗಾದೆ ತೆಗೆದ ಮೇಲೆ ಅವರ ಹೆಸರನ್ನು ಸೇರಿಸಲಾಯಿತು. 1992ರ ಹೊತ್ತಿಗೆ ಡಾಕ್ಟರ್ ಡ್ರೆ ಹಳೆಯ ಫಂಕ್ ರಾಗಗಳನ್ನು ವಾದಕರಿಂದ ಮತ್ತೆ ನುಡಿಸಿ ಒಂದು ಶೈಲಿಯನ್ನೇ ಕಟ್ಟಿದರು. ನಿಮ್ಮ ಮಟ್ಟಿಗೆ, ಕೃತಿಸ್ವಾಮ್ಯ ಮುಗಿದ ಹಳೆಯ ಪ್ರಸಂಗದ ಪದ್ಯವೊಂದನ್ನು ಸಾಂಪ್ರದಾಯಿಕ ಮಟ್ಟಿನಲ್ಲಿ ಒಬ್ಬ ಭಾಗವತರಿಂದ ಹಾಡಿಸಿ, ಚೆಂಡೆ ಮದ್ದಳೆಯವರಿಂದ ನುಡಿಸಿ ಮುದ್ರಿಸಿಕೊಂಡರೆ ಮೊದಲ ಎರಡು ಪದರಗಳ ತೊಡಕು ಇಲ್ಲವಾಗುತ್ತದೆ. ಉಳಿಯುವುದು ನಿಮ್ಮೆದುರು ಕುಳಿತ ಕಲಾವಿದರ ಒಪ್ಪಿಗೆ ಮಾತ್ರ. ಬ್ರಾಂಕ್ಸ್‌ನ ತಯಾರಕನಿಗೆ ತಾನು ಸ್ಯಾಂಪಲ್ ಮಾಡಿದ ಡ್ರಮ್ಮರ್ ಯಾರೆಂದೇ ತಿಳಿದಿರಲಿಲ್ಲ. ನಿಮ್ಮ ಚೆಂಡೆಯವರು ಪತ್ತನಾಜೆಯ ಬಳಿಕ ಮೇಳ ಮುಗಿಸಿ ಮನೆಯಲ್ಲೇ ಇರುತ್ತಾರೆ, ಫೋನ್ ಮಾಡಿದರೆ ಸಿಗುತ್ತಾರೆ. ಸಾಧ್ಯವಾದರೆ ಆ ಕ್ಯಾಸೆಟ್ಟಿನ ಕಲಾವಿದರನ್ನೇ, ಇಲ್ಲವೇ ಅವರ ಶಿಷ್ಯರನ್ನು ಕೇಳಿ ನೋಡಿ.

ಮುದ್ರಣದ ಬಗ್ಗೆ ಎರಡು ಮಾತು. ಚೆಂಡೆಯವರ ಕಿವಿಗೆ ಲಯ ಎಣಿಸುವ ಮೆಟ್ರೊನೋಮ್ ಕ್ಲಿಕ್ ಹಾಕಿ ಬಾರಿಸಲು ಹೇಳಬೇಡಿ. ನಡೆಯೆಲ್ಲ ಸತ್ತು ಹೋಗುತ್ತದೆ. ಭಾಗವತರು ತಾಳ ಹಿಡಿದು ನಡೆಸಲಿ, ವೇಗ ಸ್ವಲ್ಪ ಆಚೀಚೆ ಆಗಲಿ, ಆಮೇಲೆ ಕಂಪ್ಯೂಟರಿನಲ್ಲಿ ಪೆಟ್ಟು ಪೆಟ್ಟಾಗಿ ಕತ್ತರಿಸಿ ಕೂರಿಸುವ ಕೆಲಸ ನಿಮ್ಮದು. ಮೈಕನ್ನು ಚೆಂಡೆಯ ಮುಖಕ್ಕೆ ಅಂಟಿಸಿದಂತೆ ಇಟ್ಟರೆ ಟಪ್ ಎಂಬ ಸದ್ದಷ್ಟೇ ಸಿಗುತ್ತದೆ. ನಾಲ್ಕೈದು ಅಡಿ ದೂರದಲ್ಲೊಂದನ್ನು ಇಟ್ಟು, ತೀವ್ರ ಪೆಟ್ಟಿಗೆ ಸಿಗ್ನಲ್ ಒಡೆಯದಂತೆ ಮಟ್ಟವನ್ನು ಸಾಕಷ್ಟು ತಗ್ಗಿಸಿ, 24 ಬಿಟ್‌ನಲ್ಲಿ ಮುದ್ರಿಸಿ. ಇಡೀ ನಡೆಯಾದ ಮೇಲೆ ಬಿಡಿ ಪೆಟ್ಟುಗಳನ್ನೂ, ಉರುಳಿಕೆಗಳನ್ನೂ ಬೇರೆ ಬೇರೆಯಾಗಿ ಬಾರಿಸಿಕೊಳ್ಳಿ. ಕಳೆದುಕೊಳ್ಳುವುದೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಹಳೆಯ ಟೇಪಿನ ಸುಯ್ಯೆನ್ನುವ ಸದ್ದು, ಹಾರ್ಮೋನಿಯಂ ಶ್ರುತಿಯ ಹಿಂದೆ ಕೇಳುವ ಸಭೆಯ ಗುಜುಗುಜು, ಆ ಕಾಲದ ಧ್ವನಿವರ್ಧಕದ ಒಡಕು ಇವೇ ಸ್ಯಾಂಪಲ್‌ನ ಅರ್ಧ ಸೊಗಸು. ಸ್ಟುಡಿಯೋದ ಶುದ್ಧ ಮುದ್ರಣದಲ್ಲಿ ಅದು ಬರುವುದಿಲ್ಲ. ಹೊಸ ಮುದ್ರಣವನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಮತ್ತೆ ಒಳಗೆ ತೆಗೆದುಕೊಂಡರೆ ಸ್ವಲ್ಪ ಹತ್ತಿರಕ್ಕೆ ಹೋಗಬಹುದು, ಅಷ್ಟೇ.

ಅಂತರ್ಜಾಲದಲ್ಲಿ ಸಿಗುವ ಸಿದ್ಧ ಲೂಪ್‌ಗಳನ್ನು (ಮತ್ತೆ ಮತ್ತೆ ಓಡಿಸುವ ತುಣುಕುಗಳನ್ನು) ಕೊಂಡು ಬಳಸಿದರೆ ಕಾನೂನಿನ ತಲೆನೋವು ಕಡಿಮೆ, ಆದರೆ ಅದೇ ಲೂಪನ್ನು ನೂರು ಜನ ಬಳಸಿರುತ್ತಾರೆ; ಅವರಲ್ಲಿ ಯಾರೋ ತಮ್ಮ ಹಾಡನ್ನು ಯೂಟ್ಯೂಬ್‌ನಂತಹ ವೇದಿಕೆಯ ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಮೊದಲು ನೋಂದಾಯಿಸಿದ್ದರೆ ನಿಮ್ಮ ಹಾಡಿನ ಮೇಲೆ ತಪ್ಪು ಹಕ್ಕೊತ್ತಾಯ ಬಂದು ಬೀಳುತ್ತದೆ. 60 ವರ್ಷ ದಾಟಿದ 78 ಸುತ್ತಿನ ರೆಕಾರ್ಡುಗಳು ಇನ್ನೊಂದು ಗಣಿ. ಕಲ್ಕತ್ತೆಯಲ್ಲಿ 1902ರಲ್ಲಿ ಮುದ್ರಿತವಾದ, ಕೊನೆಗೆ ಮೈಸೂರಿನಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಧ್ವನಿಯಂತಹವನ್ನು ಇಲ್ಲಿ ಧಾರಾಳವಾಗಿ ಬಳಸಬಹುದು. ನಿಮ್ಮ ಕ್ಯಾಸೆಟ್ಟು ಆ ಸಾಲಿಗೆ ಬರುವುದಿಲ್ಲ.

ಕಲಾವಿದರೊಡನೆ ಬಾಯಿಮಾತಿನ ಒಪ್ಪಂದಕ್ಕೆ ನಿಲ್ಲಬೇಡಿ. ನಮ್ಮಲ್ಲಿ ಪರಿಚಯದವರಿಂದ ಕಾಗದಕ್ಕೆ ಸಹಿ ಕೇಳುವುದು ಸಂಕೋಚದ ಸಂಗತಿ, ಆದರೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ ಇರಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ ವ್ಯಾಪ್ತಿಯನ್ನು ಬರೆಯದಿದ್ದರೆ ಭಾರತ ಮಾತ್ರವೆಂದೂ ಅದು ಭಾವಿಸುತ್ತದೆ. ಯೂಟ್ಯೂಬ್‌ಗೆ ಹೋದ ಹಾಡು ಜಗತ್ತಿಗೆಲ್ಲ ಹೋಗುವುದರಿಂದ ಎರಡನ್ನೂ ಸ್ಪಷ್ಟವಾಗಿ ಬರೆಸಿ. ಒಮ್ಮೆಲೇ ಕೊಡುವ ಸಂಭಾವನೆ ಎಷ್ಟು, ಮುಂದೆ ಆದಾಯ ಬಂದರೆ ಅದರಲ್ಲಿ ಪಾಲು ಎಷ್ಟು ಎಂಬುದೂ ಇರಲಿ. ರ‍್ಯಾಪಿನ ಸಾಹಿತ್ಯವನ್ನು ಅವರಿಗೆ ಮೊದಲೇ ಓದಿ ಹೇಳಿ. ದೇವರ ಸ್ತುತಿ ಹಾಡಿದ ಧ್ವನಿಯ ಕೆಳಗೆ ಬೈಗುಳ ಕೇಳಿಸಿದಾಗ ಆಗುವ ನೋವನ್ನು ಯಾವ ಕರಾರಿನ ಕಲಮೂ ಸರಿಪಡಿಸದು. ಎರಡು ಪುಟದ ಸರಳ ಕನ್ನಡದ ಒಪ್ಪಂದ ಸಾಕು, ಹಣದ ಮೊತ್ತ ದೊಡ್ಡದಾದರೆ ಮಾತ್ರ ವಕೀಲರಿಗೆ ತೋರಿಸಿ.

ಈಗಾಗಲೇ ಹಾಕಿರುವ ಅರ್ಧ ನಿಮಿಷದ ತುಣುಕನ್ನು ಸದ್ಯಕ್ಕೆ ತೆಗೆದುಬಿಡುವುದು ಕ್ಷೇಮ. ಅದಕ್ಕಾಗಿ ಪೊಲೀಸರು ಮನೆಗೆ ಬರುತ್ತಾರೆಂಬ ಭಯ ಬೇಡ. ಉದ್ದೇಶಪೂರ್ವಕ ಉಲ್ಲಂಘನೆಗೆ 63ನೇ ಕಲಮಿನಲ್ಲಿ ಮೂರು ವರ್ಷದವರೆಗಿನ ಸೆರೆ ಇದೆಯೆಂಬುದು ನಿಜವಾದರೂ, ಇಂತಹ ಸಣ್ಣ ಬಳಕೆ ಸಾಮಾನ್ಯವಾಗಿ ತುಣುಕನ್ನು ತೆಗೆಸುವಲ್ಲಿಗೆ ಮುಗಿಯುತ್ತದೆ. ಮುಂದೆ ಪೂರ್ಣ ಹಾಡನ್ನು ಯೂಟ್ಯೂಬ್‌ಗೆ ಹಾಕಿದಾಗ ಅಲ್ಲಿನ ಸ್ವಯಂಚಾಲಿತ ವ್ಯವಸ್ಥೆ ಹಕ್ಕೊತ್ತಾಯದ ಸೂಚನೆ ಕಳುಹಿಸಿದರೆ ಅದನ್ನು ಕೃತಿಸ್ವಾಮ್ಯದ ಸ್ಟ್ರೈಕ್ ಎಂದು ತಿಳಿದು ಗಾಬರಿಯಾಗಬೇಡಿ, ಎರಡೂ ಬೇರೆ. ಹಕ್ಕೊತ್ತಾಯದಲ್ಲಿ ಹೆಚ್ಚಾಗಿ ಜಾಹೀರಾತಿನ ಹಣ ಎದುರಿನವರಿಗೆ ಹೋಗುತ್ತದೆ ಅಥವಾ ವಿಡಿಯೊ ಕಾಣದಂತಾಗುತ್ತದೆ; ಸ್ಟ್ರೈಕ್ 90 ದಿನ ಉಳಿಯುತ್ತದೆ, ಆ ಅವಧಿಯಲ್ಲಿ ಮೂರು ಕೂಡಿದರೆ ಚಾನೆಲ್ಲೇ ಹೋಗಬಹುದು. ನಿಮ್ಮ ಬಳಿ ಸಹಿಯಾದ ಒಪ್ಪಂದ ಮತ್ತು ಮುದ್ರಣದ ಮೂಲ ಫೈಲುಗಳಿದ್ದರೆ ಮಾತ್ರ ಆಕ್ಷೇಪ ಸಲ್ಲಿಸಿ. ಅವಿಲ್ಲದೆ, ನೋಡೋಣ ಎಂದು ಆಕ್ಷೇಪ ಹಾಕಿದರೆ ಎದುರಿನವರು ಅದನ್ನು ತಳ್ಳಿಹಾಕಿ ವಿಡಿಯೊ ತೆಗೆಸಲು ಕೋರಬಹುದು, ಆಗ ಹಕ್ಕೊತ್ತಾಯವಾಗಿದ್ದದ್ದು ಸ್ಟ್ರೈಕ್ ಆಗುತ್ತದೆ.